ಧರ್ಮದ ಹೆಸರು ನೋಡಿ ಮಕ್ಕಳ ಲೆಕ್ಕ ಹೇಳಬಹುದೇ? ಜನನ ಪ್ರಮಾಣದ ಬಗ್ಗೆ ತಿಳಿಯಬೇಕಾದ ಸಂಗತಿಗಳು

‘ಅವರಿಗೆ ಮನೆಗೆ ಹತ್ತು ಮಕ್ಕಳು, ನಮಗೆ ಒಂದೇ. ಇನ್ನು ಇಪ್ಪತ್ತು ವರ್ಷದಲ್ಲಿ ನಾವೇ ಅಲ್ಪಸಂಖ್ಯಾತರು.’ ಈ ಅರ್ಥದ ಸಂದೇಶ ನಿಮ್ಮ ಯಾವುದಾದರೂ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಕೆಲವೊಮ್ಮೆ ಅದರ ಜೊತೆ ಒಂದು ಗ್ರಾಫ್ ಇರುತ್ತದೆ, ಕೆಲವೊಮ್ಮೆ ಹಿನ್ನೆಲೆ ಸಂಗೀತ ಸೇರಿಸಿದ ವಿಡಿಯೊ. ಕೊನೆಯಲ್ಲಿ ‘ಹತ್ತು ಜನರಿಗೆ ಕಳಿಸಿ’ ಎಂಬ ಸಾಲಂತೂ ಇದ್ದೇ ಇರುತ್ತದೆ.

ಇಂಥ ಸಂದೇಶಗಳು ಪೂರ್ತಿ ಸುಳ್ಳಿನ ಮೇಲೆ ನಿಂತಿರುವುದಿಲ್ಲ. ಒಂದು ಸಣ್ಣ ನಿಜವನ್ನು ಹಿಡಿದುಕೊಂಡು ಅದರ ಮೇಲೆ ದೊಡ್ಡ ಸುಳ್ಳನ್ನು ಕಟ್ಟಿರುತ್ತವೆ. ಅದಕ್ಕೇ ಓದಿದವರು ನಂಬುತ್ತಾರೆ. ಧರ್ಮಕ್ಕೂ ಮಕ್ಕಳ ಸಂಖ್ಯೆಗೂ ನಿಜವಾಗಿ ಏನು ಸಂಬಂಧ ಎಂಬುದನ್ನು ಈ ಲೇಖನದಲ್ಲಿ ನಾವು ಸರ್ಕಾರಿ ಸಮೀಕ್ಷೆ ಮತ್ತು ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಬಿಡಿಸಿ ನೋಡೋಣ.

ಪೂರ್ತಿ ಓದಲು ಸಮಯವಿಲ್ಲದವರಿಗೆ ಚುಟುಕಾಗಿ ಉತ್ತರ ಇಲ್ಲಿದೆ: ಒಬ್ಬ ಮಹಿಳೆಯ ಧರ್ಮ ಯಾವುದು ಎಂದು ತಿಳಿದರೆ ಅವರಿಗೆ ಎಷ್ಟು ಮಕ್ಕಳು ಎಂದು ಊಹಿಸುವುದು ಕಷ್ಟ. ಅವರು ಎಷ್ಟನೇ ತರಗತಿವರೆಗೆ ಓದಿದ್ದಾರೆ, ಯಾವ ವಯಸ್ಸಿನಲ್ಲಿ ಮದುವೆಯಾಯಿತು, ಯಾವ ರಾಜ್ಯದಲ್ಲಿದ್ದಾರೆ, ಹತ್ತಿರದ ಆಸ್ಪತ್ರೆಯಲ್ಲಿ ಏನೇನು ಸಿಗುತ್ತದೆ ಎಂದು ತಿಳಿದರೆ ಊಹೆ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಮೊದಲು ಅಳತೆ ಯಾವುದು ಎಂದು ತಿಳಿಯೋಣ

ಫಾರ್ವರ್ಡ್‌ಗಳಲ್ಲಿ ಆಗುವ ಮೊದಲ ಗೊಂದಲ ಅಳತೆಯದ್ದೇ. ಮೂರು ಬೇರೆ ಬೇರೆ ಅಂಕಿಗಳನ್ನು ಒಂದೇ ಎಂಬಂತೆ ಬಳಸುತ್ತಾರೆ.

ಮೊದಲನೆಯದು ಜನನ ಪ್ರಮಾಣ. ಒಂದು ವರ್ಷದಲ್ಲಿ ಪ್ರತಿ 1,000 ಜನರಿಗೆ ಎಷ್ಟು ಮಕ್ಕಳು ಹುಟ್ಟಿದರು ಎಂಬ ಲೆಕ್ಕ ಇದು. ಯುವಜನ ಹೆಚ್ಚಿರುವ ಊರಲ್ಲಿ ಇದು ಸಹಜವಾಗಿಯೇ ಹೆಚ್ಚು, ವಯಸ್ಸಾದವರು ಹೆಚ್ಚಿರುವ ಊರಲ್ಲಿ ಕಡಿಮೆ.

ಎರಡನೆಯದು ಒಟ್ಟು ಫಲವತ್ತತೆ ದರ. ಈಗಿನ ರೂಢಿಯೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಅಂದಾಜು ಇದು. ಎರಡು ದೇಶ, ಎರಡು ಸಮುದಾಯಗಳನ್ನು ಹೋಲಿಸಲು ತಜ್ಞರು ಬಳಸುವುದು ಇದನ್ನೇ. ಈ ದರ ಸುಮಾರು 2.1 ಇದ್ದರೆ ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನರ ಇನ್ನೊಂದು ತಲೆಮಾರು ಬರುತ್ತದೆ. ಅಪ್ಪ, ಅಮ್ಮ ಇಬ್ಬರ ಜಾಗಕ್ಕೆ ಇಬ್ಬರು ಸಾಲದೇ ಎಂದು ನೀವು ಕೇಳಬಹುದು. ಹುಟ್ಟುವಾಗ ಗಂಡುಮಕ್ಕಳ ಸಂಖ್ಯೆ ಸ್ವಲ್ಪ ಹೆಚ್ಚಿರುತ್ತದೆ, ಕೆಲವು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತವೆ. ಆ ಕೊರತೆಗಾಗಿ ಸೇರಿಸಿದ್ದೇ ಆ 0.1.

ಮೂರನೆಯದು ಜನಸಂಖ್ಯೆಯ ಬೆಳವಣಿಗೆ ದರ. ಇದರಲ್ಲಿ ಜನನ, ಮರಣ, ವಲಸೆ ಮೂರೂ ಸೇರಿರುತ್ತವೆ. ಫಲವತ್ತತೆ ದರ 2.1ಕ್ಕಿಂತ ಕೆಳಗೆ ಬಂದ ಮೇಲೂ ಕೆಲವು ದಶಕ ಜನಸಂಖ್ಯೆ ಏರುತ್ತಲೇ ಇರುತ್ತದೆ. ಹಿಂದೆ ಹುಟ್ಟಿದ ದೊಡ್ಡ ಸಂಖ್ಯೆಯ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿರುತ್ತಾರಲ್ಲ, ಅದಕ್ಕೆ. ಪೆಡಲ್ ತುಳಿಯುವುದು ನಿಲ್ಲಿಸಿದರೂ ಸೈಕಲ್ ಸ್ವಲ್ಪ ದೂರ ಓಡುವ ಹಾಗೆ.

ಈ ಮೂರರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂದು ತಿಳಿಸದೆ ಬರೀ ‘ಶೇಕಡಾ ಇಷ್ಟು’ ಎಂದಿರುವ ಸಂದೇಶವನ್ನು ನಂಬಬೇಡಿ.

ಭಾರತದ ಅಂಕಿ ಏನು ಹೇಳುತ್ತದೆ?

ಕೇಂದ್ರ ಆರೋಗ್ಯ ಸಚಿವಾಲಯದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 1992-93ರಲ್ಲಿ, ಐದನೆಯ ಸುತ್ತು 2019-21ರಲ್ಲಿ. ಆ ಎರಡು ಸುತ್ತುಗಳ ಒಟ್ಟು ಫಲವತ್ತತೆ ದರ ಹೀಗಿದೆ:

- ಇಡೀ ದೇಶ: 3.39 ಇದ್ದದ್ದು 1.99
- ಹಿಂದೂ ಮಹಿಳೆಯರು: 3.30 ಇದ್ದದ್ದು 1.94
- ಮುಸ್ಲಿಂ ಮಹಿಳೆಯರು: 4.41 ಇದ್ದದ್ದು 2.36
- ಕ್ರೈಸ್ತ ಮಹಿಳೆಯರು: 2.87 ಇದ್ದದ್ದು 1.88
- ಸಿಖ್ ಮಹಿಳೆಯರು: 2.43 ಇದ್ದದ್ದು 1.61

ಇದರಲ್ಲಿ ಎರಡು ನಿಜಗಳಿವೆ. ಎರಡನ್ನೂ ಮುಚ್ಚಿಡದೆ ಹೇಳಬೇಕು.

ಒಂದು, ಮುಸ್ಲಿಂ ಮಹಿಳೆಯರ ಸರಾಸರಿ ಇಂದಿಗೂ ಉಳಿದವರಿಗಿಂತ ಹೆಚ್ಚೇ ಇದೆ. ಫಾರ್ವರ್ಡ್‌ಗಳು ಹಿಡಿದುಕೊಳ್ಳುವ ಸಣ್ಣ ನಿಜ ಇದೇ.

ಎರಡು, ಅತಿ ಹೆಚ್ಚು ಇಳಿಕೆ ಆಗಿರುವುದೂ ಅವರಲ್ಲೇ. ಹಿಂದೂ ಮತ್ತು ಮುಸ್ಲಿಂ ಮಹಿಳೆಯರ ನಡುವೆ 1992-93ರಲ್ಲಿ 1.11ರ ಅಂತರವಿತ್ತು. ಅಂದರೆ ಸರಾಸರಿ ಒಂದು ಮಗುವಿಗಿಂತ ಹೆಚ್ಚು. ಈಗ ಅದು 0.42, ಅಂದರೆ ಅರ್ಧ ಮಗುವಿಗಿಂತ ಕಡಿಮೆ. 2005-06ರಲ್ಲಿ ಹಿಂದೂ ಮಹಿಳೆಯರ ದರ 2.59 ಇತ್ತು. ಈಗ ಮುಸ್ಲಿಂ ಮಹಿಳೆಯರ ದರ ಅದಕ್ಕಿಂತಲೂ ಕೆಳಗಿದೆ. ಇಬ್ಬರೂ ನಡೆಯುತ್ತಿರುವುದು ಒಂದೇ ದಾರಿಯಲ್ಲಿ, ಒಬ್ಬರು ಕೆಲವು ವರ್ಷ ಹಿಂದಿದ್ದಾರೆ ಅಷ್ಟೇ.

‘ಮನೆಗೆ ಹತ್ತು ಮಕ್ಕಳು’ ಎಂಬ ಮಾತು ಈ ಅಂಕಿಗಳ ಹತ್ತಿರಕ್ಕೂ ಸುಳಿಯುವುದಿಲ್ಲ.

ರಾಜ್ಯ ಬದಲಾದರೆ ಲೆಕ್ಕವೂ ಬದಲು

ಧರ್ಮವೇ ಕಾರಣ ಎಂದಾದರೆ ಒಂದೇ ಧರ್ಮದವರಿಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಮಕ್ಕಳಿರಬೇಕು. ಹಾಗಿದೆಯೇ ಎಂದು ಅದೇ 2019-21ರ ಸಮೀಕ್ಷೆಯಲ್ಲಿ ನೋಡೋಣ.

ಹಿಂದೂಗಳೇ ಹೆಚ್ಚಿರುವ ಬಿಹಾರದಲ್ಲಿ ಒಟ್ಟು ಫಲವತ್ತತೆ ದರ 2.98. ಹಿಂದೂಗಳೇ ಹೆಚ್ಚಿರುವ ಹಿಮಾಚಲ ಪ್ರದೇಶದಲ್ಲಿ 1.66. ಕ್ರೈಸ್ತರೇ ಹೆಚ್ಚಿರುವ ಮೇಘಾಲಯದಲ್ಲಿ 2.91. ಕ್ರೈಸ್ತರೇ ಹೆಚ್ಚಿರುವ ಮಿಜೋರಾಂನಲ್ಲಿ 1.87. ಮುಸ್ಲಿಮರೇ ಹೆಚ್ಚಿರುವ ಜಮ್ಮು-ಕಾಶ್ಮೀರದಲ್ಲಿ 1.40. ಜನಸಂಖ್ಯೆಯ ಶೇ 96ಕ್ಕಿಂತ ಹೆಚ್ಚು ಮುಸ್ಲಿಮರಿರುವ ಲಕ್ಷದ್ವೀಪದಲ್ಲಿ ಸುಮಾರು 1.4. ಕೊನೆಯ ಎರಡೂ ಕಡೆ ಈ ದರ ನಮ್ಮ ಕರ್ನಾಟಕದ 1.67ಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ.

ಇನ್ನೂ ಸ್ಪಷ್ಟವಾದ ಹೋಲಿಕೆ ಒಂದಿದೆ. ಬಿಹಾರದ ಹಿಂದೂ ಮಹಿಳೆಯರ ಸರಾಸರಿ 2.88. ಕೇರಳದ ಮುಸ್ಲಿಂ ಮಹಿಳೆಯರ ಸರಾಸರಿ 2.25. ಧರ್ಮದ ಹೆಸರನ್ನಷ್ಟೇ ನೋಡಿ ಊಹೆ ಮಾಡಿದವರು ಇಲ್ಲಿ ಪೂರ್ತಿ ತಲೆಕೆಳಗಾದ ಉತ್ತರ ಹೇಳುತ್ತಾರೆ.

ಆದರೆ ಕೇರಳದ ಒಳಗೇ ಹಿಂದೂ ಮಹಿಳೆಯರ ಸರಾಸರಿ 1.53 ಇದೆ. ಬಿಹಾರದ ಒಳಗೂ ಮುಸ್ಲಿಂ ಮಹಿಳೆಯರ ಸರಾಸರಿ ಹಿಂದೂ ಮಹಿಳೆಯರದ್ದಕ್ಕಿಂತ ಹೆಚ್ಚಿದೆ. ಅಂದರೆ ಒಂದೇ ರಾಜ್ಯದಲ್ಲೂ ಅಂತರ ಇದೆ. ಅದರ ಕಾರಣಕ್ಕೆ ಮುಂದೆ ಬರುತ್ತೇವೆ.

ಹಾಗಾದರೆ ಮಕ್ಕಳ ಸಂಖ್ಯೆ ಇಳಿಸುವುದು ಏನು?

ಬಿಹಾರವನ್ನೂ ಕೇರಳವನ್ನೂ ಅಕ್ಕಪಕ್ಕ ಇಟ್ಟರೆ ಉತ್ತರ ಕಾಣುತ್ತದೆ. ಮುಖ್ಯವಾಗಿ ಐದು ಸಂಗತಿಗಳಿವೆ.

1. ಹೆಣ್ಣುಮಕ್ಕಳ ಓದು. 2019-21ರ ಸಮೀಕ್ಷೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ವರ್ಷ ಶಾಲೆಗೆ ಹೋದ ಮಹಿಳೆಯರು ಕೇರಳದಲ್ಲಿ ಶೇ 77, ಬಿಹಾರದಲ್ಲಿ ಶೇ 29ರಷ್ಟು. ಇಡೀ ದೇಶವನ್ನು ತೆಗೆದುಕೊಂಡರೆ, ಶಾಲೆಗೇ ಹೋಗದ ಮಹಿಳೆಯರಿಗೆ ಸರಾಸರಿ 2.8 ಮಕ್ಕಳು, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಿಗೆ 1.8. ಓದಿನಿಂದ ಬರುವ ಈ ಒಂದು ಮಗುವಿನ ವ್ಯತ್ಯಾಸ, ಹಿಂದೂ-ಮುಸ್ಲಿಂ ಸರಾಸರಿಗಳ ವ್ಯತ್ಯಾಸದ ಎರಡು ಪಟ್ಟಿಗಿಂತ ಹೆಚ್ಚು.

2. ಮದುವೆಯ ವಯಸ್ಸು. 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಬಿಹಾರದಲ್ಲಿ ಶೇ 41ರಷ್ಟು, ಕೇರಳದಲ್ಲಿ ಶೇ 6ರಷ್ಟು. ಹದಿನಾರಕ್ಕೆ ಮದುವೆಯಾದ ಹುಡುಗಿಗೆ ಮನೆಯಲ್ಲಿ ಮಾತಾಡುವ ಧೈರ್ಯವೂ ಕಡಿಮೆ, ಮುಂದೆ ಹೆರುವ ವರ್ಷಗಳೂ ಹೆಚ್ಚು.

3. ಹುಟ್ಟಿದ ಮಗು ಉಳಿಯುತ್ತದೆ ಎಂಬ ಭರವಸೆ. ಹುಟ್ಟುವ ಪ್ರತಿ 1,000 ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳು ಬಿಹಾರದಲ್ಲಿ ಸುಮಾರು 47, ಕೇರಳದಲ್ಲಿ 4ರಿಂದ 5. ನಮ್ಮ ಅಜ್ಜಿಯರ ಕಾಲದಲ್ಲಿ ‘ಎಂಟು ಹೆತ್ತೆ, ನಾಲ್ಕು ಉಳಿದವು’ ಎನ್ನುವ ಮಾತು ಎಲ್ಲ ಮನೆಗಳಲ್ಲೂ ಇತ್ತು. ಮಕ್ಕಳು ಉಳಿಯುವ ಖಾತರಿ ಇಲ್ಲದಾಗ ಜನ ಹೆಚ್ಚು ಹೆರುತ್ತಾರೆ. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ ಬಂದ ಮೇಲೆ ಆ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ.

4. ಬೇಡ ಎಂದಾಗ ತಡೆಯುವ ದಾರಿ. ಕಾಪರ್-ಟಿ, ಮಾತ್ರೆ, ಇಂಜೆಕ್ಷನ್, ನಿರೋಧ್, ಆಪರೇಷನ್ ಇವುಗಳಲ್ಲಿ ತನಗೆ ಒಪ್ಪುವುದನ್ನು ಆರಿಸುವ ಅವಕಾಶ, ಅದನ್ನು ತಿಳಿಸಿಹೇಳುವ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಹತ್ತಿರದಲ್ಲಿ ಇರಬೇಕು. ಬರೀ ಆಪರೇಷನ್ ಒಂದೇ ಇದ್ದರೆ ಅದನ್ನು ಒಪ್ಪದ ಕುಟುಂಬಗಳು ಯಾವುದನ್ನೂ ಬಳಸದೆ ಉಳಿದುಬಿಡುತ್ತವೆ.

5. ಮಗುವನ್ನು ಬೆಳೆಸುವ ಖರ್ಚು. ಹೊಲದಲ್ಲಿ ಕೆಲಸ ಇದ್ದಾಗ ಮಕ್ಕಳೆಂದರೆ ದುಡಿಯುವ ಕೈಗಳು, ಮುಪ್ಪಿಗೆ ಆಸರೆ. ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದು ಶಾಲೆಯ ಫೀಸು, ಟ್ಯೂಷನ್, ವ್ಯಾನ್ ಖರ್ಚು ಕಟ್ಟುವವರಿಗೆ ಎರಡನೆಯ ಮಗುವೂ ಯೋಚನೆಯ ವಿಷಯ. ದೇಶದಲ್ಲಿ ಅತ್ಯಂತ ಬಡ ಐದನೇ ಒಂದು ಭಾಗದ ಕುಟುಂಬಗಳಲ್ಲಿ ಈ ದರ 2.6, ಅತ್ಯಂತ ಸಿರಿವಂತ ಐದನೇ ಒಂದು ಭಾಗದಲ್ಲಿ 1.6.

ಈಗ ಧರ್ಮದ ಅಂತರಕ್ಕೆ ಮರಳಿ ಬರೋಣ. ಓದು, ಆದಾಯ, ಸರ್ಕಾರಿ ಸೌಲಭ್ಯ ಇವು ಎಲ್ಲ ಸಮುದಾಯಗಳಿಗೂ ಸಮನಾಗಿ ತಲುಪಿಲ್ಲ. 2006ರ ಸಾಚಾರ್ ಸಮಿತಿ ವರದಿ ಮುಸ್ಲಿಮರು ಶಿಕ್ಷಣ ಮತ್ತು ಉದ್ಯೋಗದಲ್ಲಿ ಎಷ್ಟು ಹಿಂದುಳಿದಿದ್ದಾರೆ ಎಂಬುದನ್ನು ವಿವರವಾಗಿ ದಾಖಲಿಸಿತು. ಧರ್ಮದ ಅಂತರ ಎಂದು ನಾವು ನೋಡುವ ಅಂಕಿಯ ದೊಡ್ಡ ಪಾಲು ಈ ಓದು ಮತ್ತು ಬಡತನದ ಅಂತರವೇ. ಪೂರ್ತಿ ಅದೇ ಅಲ್ಲ. ಒಂದೇ ಮಟ್ಟದ ಓದು, ಆದಾಯ ಇರುವ ಕುಟುಂಬಗಳನ್ನು ಹೋಲಿಸಿದಾಗ ಅಂತರ ಕುಗ್ಗುತ್ತದೆ, ಪೂರ್ತಿ ಅಳಿಸಿಹೋಗುವುದಿಲ್ಲ.

ಹೊರದೇಶಗಳಲ್ಲಿ ಏನಾಗಿದೆ?

ಇದು ಭಾರತದ ವಿಶೇಷವೇ ಅಥವಾ ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿಯಲು ಕೆಲವು ದೇಶಗಳನ್ನು ನೋಡೋಣ.

ಇರಾನ್: 1979ರ ಕ್ರಾಂತಿಯ ನಂತರ ಇಲ್ಲಿ ಧರ್ಮಗುರುಗಳ ಆಡಳಿತ ಬಂತು. 1980ರ ದಶಕದ ಆರಂಭದಲ್ಲಿ ಫಲವತ್ತತೆ ದರ 6ಕ್ಕಿಂತ ಮೇಲಿತ್ತು. ಯುದ್ಧದ ನಂತರ ಆರ್ಥಿಕ ಕಷ್ಟ ಎದುರಾದಾಗ ಅದೇ ಸರ್ಕಾರ 1989ರಲ್ಲಿ ಕುಟುಂಬ ಯೋಜನೆಯನ್ನು ಮತ್ತೆ ಶುರುಮಾಡಿತು. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಅಲ್ಲಿಯವರೇ ಆದ ಕಾರ್ಯಕರ್ತೆಯರು ಗರ್ಭನಿರೋಧಕಗಳನ್ನು ಉಚಿತವಾಗಿ ಕೊಟ್ಟರು. ಮದುವೆಗೆ ಮುನ್ನ ವಧೂವರರು ಕುಟುಂಬ ಯೋಜನೆಯ ತರಗತಿಗೆ ಹೋಗಬೇಕಿತ್ತು. ಇದರ ಜೊತೆಗೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆ, ಕಾಲೇಜು ಸೇರಿದರು. 2000ದ ಹೊತ್ತಿಗೆ ದರ ಸುಮಾರು 2ಕ್ಕೆ ಇಳಿಯಿತು. ಜಗತ್ತಿನಲ್ಲೇ ಅತಿ ವೇಗದ ಇಳಿಕೆಗಳಲ್ಲಿ ಇದೂ ಒಂದು. ಮುಂದೆ ಇದೇ ಸರ್ಕಾರ ಮನಸ್ಸು ಬದಲಿಸಿ ಹೆಚ್ಚು ಮಕ್ಕಳನ್ನು ಹೆರಲು ಕರೆ ಕೊಟ್ಟಿತು, 2021ರಲ್ಲಿ ಅದಕ್ಕಾಗಿ ಕಾನೂನನ್ನೂ ತಂದಿತು. ಆದರೂ ದರ 2ರ ಕೆಳಗೇ ಉಳಿದಿದೆ. ಧರ್ಮ ಅದೇ, ಆಡಳಿತ ಅದೇ. ಬದಲಾದದ್ದು ಮಹಿಳೆಯರ ಬದುಕು.

ಬಾಂಗ್ಲಾದೇಶ ಮತ್ತು ಪಾಕಿಸ್ತಾನ: 1971ರವರೆಗೆ ಎರಡೂ ಒಂದೇ ದೇಶ. ಎರಡರಲ್ಲೂ ಮುಸ್ಲಿಮರದ್ದೇ ಬಹುಮತ. 1970ರ ದಶಕದಲ್ಲಿ ಎರಡೂ ಕಡೆ ಮಹಿಳೆಯರಿಗೆ ಸರಾಸರಿ ಆರು ಅಥವಾ ಹೆಚ್ಚು ಮಕ್ಕಳು. ಬಾಂಗ್ಲಾದೇಶ ಮಹಿಳಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸಿತು. 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆ ಓದಿಗೆ ಸಹಾಯಧನ ಕೊಟ್ಟಿತು. ಗಾರ್ಮೆಂಟ್ಸ್ ಕಾರ್ಖಾನೆಗಳು ಲಕ್ಷಾಂತರ ಯುವತಿಯರಿಗೆ ಕೆಲಸ ಕೊಟ್ಟವು. 2017-18ರ ಸಮೀಕ್ಷೆಗಳ ವೇಳೆಗೆ ಬಾಂಗ್ಲಾದೇಶದಲ್ಲಿ ದರ 2.3, ಪಾಕಿಸ್ತಾನದಲ್ಲಿ 3.6.

ಇಟಲಿ ಮತ್ತು ಬ್ರೆಜಿಲ್: ಕೃತಕ ಗರ್ಭನಿರೋಧಕಗಳನ್ನು ಬಳಸಬಾರದು ಎಂದು ಪೋಪ್ ಆರನೇ ಪಾಲ್ 1968ರಲ್ಲಿ ಸ್ಪಷ್ಟವಾಗಿ ಹೇಳಿದರು. ಕ್ಯಾಥೊಲಿಕ್ ಚರ್ಚ್‌ನ ಅಧಿಕೃತ ನಿಲುವು ಇಂದಿಗೂ ಅದೇ. ಆದರೆ ಪೋಪರ ಊರಾದ ವ್ಯಾಟಿಕನ್ ಸುತ್ತಲಿನ ಇಟಲಿಯಲ್ಲೇ 2023ರಲ್ಲಿ ದರ 1.20. ಬ್ರೆಜಿಲ್‌ನಲ್ಲಿ 1960ರ ಸುಮಾರಿಗೆ ಸರಾಸರಿ ಆರು ಮಕ್ಕಳಿದ್ದರು. 2022ರ ಜನಗಣತಿಯಲ್ಲಿ ದರ 1.55. ಅಲ್ಲಿ ಒಂದು ಕುತೂಹಲದ ಸಂಗತಿಯೂ ಇದೆ. ಸಣ್ಣ ಕುಟುಂಬಗಳನ್ನು ತೋರಿಸುವ ಟಿವಿ ಧಾರಾವಾಹಿಗಳು ಯಾವ ಪ್ರದೇಶಗಳಿಗೆ ಮೊದಲು ತಲುಪಿದವೋ ಅಲ್ಲಿ ಜನನಗಳು ಕಡಿಮೆಯಾದವು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ನೈಜರ್ ಮತ್ತು ಕಾಂಗೊ: ಜಗತ್ತಿನಲ್ಲಿ ಅತಿ ಹೆಚ್ಚು ದರ ಇರುವ ದೇಶಗಳಲ್ಲಿ ಆಫ್ರಿಕಾದ ಇವೆರಡೂ ಇವೆ. ನೈಜರ್‌ನಲ್ಲಿ ಬಹುತೇಕರು ಮುಸ್ಲಿಮರು. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಬಹುತೇಕರು ಕ್ರೈಸ್ತರು. ಎರಡರಲ್ಲೂ ದರ ಸುಮಾರು 6. ಧರ್ಮ ಬೇರೆ. ಆದರೆ ಬಡತನ, ಸಾಯುವ ಮಕ್ಕಳ ಸಂಖ್ಯೆ, ಹೆಣ್ಣುಮಕ್ಕಳ ಶಾಲೆಯ ಕೊರತೆ ಎರಡು ಕಡೆಯೂ ಇದೆ.

ಹಾಗಾದರೆ ಧರ್ಮದ ಪಾತ್ರವೇ ಇಲ್ಲವೇ?

ಇದೆ. ‘ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ’ ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ.

ಇಸ್ರೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿರಿವಂತ ದೇಶ, ಓದಿದ ಮಹಿಳೆಯರು, ಒಳ್ಳೆಯ ಆಸ್ಪತ್ರೆಗಳು ಎಲ್ಲವೂ ಇದ್ದರೂ ದರ 2.9ರ ಆಸುಪಾಸಿನಲ್ಲಿದೆ. ಅಭಿವೃದ್ಧಿ ಹೊಂದಿದ ದೇಶಗಳಲ್ಲಿ ಇದೇ ಹೆಚ್ಚು. ಅಲ್ಲಿನ ಕಟ್ಟಾ ಸಂಪ್ರದಾಯಸ್ಥ ಹರೇದಿ ಯಹೂದಿ ಕುಟುಂಬಗಳಲ್ಲಿ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. ಇಲ್ಲಿ ನಂಬಿಕೆ ಮತ್ತು ಸಮುದಾಯದ ಒತ್ತಾಸೆ ಕೆಲಸ ಮಾಡುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಅದೇ ದೇಶದ ಮುಸ್ಲಿಂ ಮಹಿಳೆಯರ ಕಥೆ ಬೇರೆ. 1960ರ ದಶಕದಲ್ಲಿ ಅವರ ದರ 9ರ ಸುಮಾರಿಗಿತ್ತು, 2020ರಲ್ಲಿ ಅದು 2.99. ಆ ವರ್ಷ ಯಹೂದಿ ಮಹಿಳೆಯರ ದರ 3.00. ಅಂದರೆ ಎರಡೂ ಒಂದೇ.

ಇದರಿಂದ ಎರಡು ಮಾತು ತಿಳಿಯುತ್ತವೆ. ಮೊದಲನೆಯದು, ಯಾವ ಧರ್ಮ ಎಂಬುದಕ್ಕಿಂತ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ದಿನನಿತ್ಯದ ಬದುಕು ಎಷ್ಟು ಅದರ ಸುತ್ತ ಕಟ್ಟಿಕೊಂಡಿದೆ ಎಂಬುದು ಮುಖ್ಯ. ಎರಡನೆಯದು, ಧರ್ಮ ಬೇರೆ ಸಂಗತಿಗಳ ಮೂಲಕ ಕೆಲಸ ಮಾಡುತ್ತದೆ. ಹುಡುಗಿಯನ್ನು ಎಷ್ಟು ವರ್ಷ ಓದಿಸಬಹುದು, ಮದುವೆ ಯಾವಾಗ, ಹೆಂಡತಿ ಹೊರಗೆ ದುಡಿಯಬಹುದೇ, ಯಾವ ಗರ್ಭನಿರೋಧಕ ಒಪ್ಪಿಗೆ ಎಂಬ ವಿಚಾರಗಳಲ್ಲಿ ಧರ್ಮದ ಮಾತು ನಡೆಯುತ್ತದೆ. ಧರ್ಮಗುರುಗಳು ಶಾಲೆ, ಲಸಿಕೆ, ಅಂತರದ ಹೆರಿಗೆಗೆ ಬೆಂಬಲ ಕೊಟ್ಟ ಕಡೆ ಇಳಿಕೆ ಬೇಗ ಆಗುತ್ತದೆ, ಅಡ್ಡಿಯಾದ ಕಡೆ ನಿಧಾನ.

ಗ್ರಂಥದಲ್ಲಿ ಏನಿದೆ ಎಂಬುದರಿಂದ ಮಾತ್ರ ಏನೂ ಹೇಳಲಾಗದು. ನಮ್ಮಲ್ಲೇ ನೋಡಿ. ಮದುವೆಮನೆಯಲ್ಲಿ ಹಿರಿಯರು ‘ಅಷ್ಟಪುತ್ರ ಸೌಭಾಗ್ಯವತಿಯಾಗು’ ಎಂದು ಹರಸುವುದು ಇಂದಿಗೂ ನಿಂತಿಲ್ಲ. ಆಶೀರ್ವಾದ ಪಡೆದ ಮಗಳಿಗೆ ಎಂಟು ಮಕ್ಕಳಾಗುವುದು ಮಾತ್ರ ಎಂದೋ ನಿಂತಿದೆ. ಹಿಂದೂಗಳು ಧರ್ಮ ಬಿಟ್ಟದ್ದಕ್ಕೆ ಹೀಗಾಯಿತು ಎಂದು ಯಾರೂ ಹೇಳುವುದಿಲ್ಲ.

ಪದೇ ಪದೇ ಬರುವ ಮೂರು ಫಾರ್ವರ್ಡ್‌ಗಳು

‘ನಾಲ್ಕು ಮದುವೆ, ನಲವತ್ತು ಮಕ್ಕಳು.’ ಮಕ್ಕಳನ್ನು ಹೆರುವುದು ಮಹಿಳೆಯರು. ಒಂದು ಊರಲ್ಲಿ 100 ಗಂಡಸರು, 100 ಹೆಂಗಸರು ಇದ್ದಾರೆ ಎಂದುಕೊಳ್ಳಿ. ಹತ್ತು ಗಂಡಸರು ಎರಡೆರಡು ಮದುವೆಯಾದರೆ ಇನ್ನು ಹತ್ತು ಗಂಡಸರಿಗೆ ಹೆಣ್ಣು ಸಿಗುವುದಿಲ್ಲ. ಹೆರುವ ಹೆಂಗಸರು ಮಾತ್ರ ಆಗಲೂ 100 ಜನರೇ. ಇನ್ನು ವಾಸ್ತವ ನೋಡೋಣ. ಗಂಡನಿಗೆ ತನ್ನನ್ನು ಬಿಟ್ಟು ಬೇರೆ ಹೆಂಡತಿ ಇದ್ದಾಳೆ ಎಂದು 2019-21ರ ಸಮೀಕ್ಷೆಯಲ್ಲಿ ಹೇಳಿದ ವಿವಾಹಿತೆಯರು ಮುಸ್ಲಿಮರಲ್ಲಿ ಶೇ 1.9, ಹಿಂದೂಗಳಲ್ಲಿ ಶೇ 1.3, ಕ್ರೈಸ್ತರಲ್ಲಿ ಶೇ 2.1. ಎಲ್ಲ ಕಡೆಯೂ ಇದು ಬೆರಳೆಣಿಕೆಯ ಸಂಗತಿ.

‘ಇಷ್ಟು ವರ್ಷದಲ್ಲಿ ಅವರೇ ಬಹುಸಂಖ್ಯಾತರು.’ 1951ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ ಹಿಂದೂಗಳು ಶೇ 84.1, ಮುಸ್ಲಿಮರು ಶೇ 9.8 ಇದ್ದರು. 2011ರಲ್ಲಿ ಅದು ಶೇ 79.8 ಮತ್ತು ಶೇ 14.2 ಆಯಿತು. ಪಾಲು ಹೆಚ್ಚಿರುವುದು ನಿಜ. 60 ವರ್ಷದಲ್ಲಿ ಆದದ್ದು 4.4 ಅಂಶಗಳ ಏರಿಕೆ. ಅದರಲ್ಲೂ ಬೆಳವಣಿಗೆಯ ವೇಗ ಕುಗ್ಗುತ್ತಿದೆ. ಮುಸ್ಲಿಮರ ಹತ್ತು ವರ್ಷದ ಬೆಳವಣಿಗೆ 1981-91ರಲ್ಲಿ ಶೇ 32.9 ಇತ್ತು, 2001-11ರಲ್ಲಿ ಶೇ 24.6ಕ್ಕೆ ಬಂತು. ಹಿಂದೂಗಳದ್ದು ಶೇ 22.7ರಿಂದ ಶೇ 16.8ಕ್ಕೆ. 2001ರಿಂದ 2011ರವರೆಗೆ ದೇಶದಲ್ಲಿ ಹಿಂದೂಗಳ ಸಂಖ್ಯೆ ಸುಮಾರು 13.9 ಕೋಟಿ ಹೆಚ್ಚಿತು, ಮುಸ್ಲಿಮರ ಸಂಖ್ಯೆ ಸುಮಾರು 3.4 ಕೋಟಿ. ಇಪ್ಪತ್ತು, ಮೂವತ್ತು ವರ್ಷದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ ಎನ್ನಲು ಈ ಅಂಕಿಗಳಲ್ಲಿ ಆಧಾರವಿಲ್ಲ.

‘ಯುರೋಪ್ ಮುಗಿಯಿತು, ಮುಂದಿನ ಸರದಿ ನಮ್ಮದು.’ 2009ರಲ್ಲಿ ಯೂಟ್ಯೂಬ್‌ನಲ್ಲಿ ಬಂದ ಒಂದು ಇಂಗ್ಲಿಷ್ ವಿಡಿಯೊ ಈ ಬಗೆಯ ಮಾತುಗಳನ್ನು ಜಗತ್ತಿನ ತುಂಬ ಹರಡಿತು. ಫ್ರಾನ್ಸ್‌ನಲ್ಲಿ ಮುಸ್ಲಿಂ ಕುಟುಂಬಗಳಿಗೆ ಸರಾಸರಿ 8.1 ಮಕ್ಕಳು ಎಂದು ಅದರಲ್ಲಿತ್ತು. ಫ್ರಾನ್ಸ್‌ನ ಜನಗಣತಿಯಲ್ಲಿ ಧರ್ಮವನ್ನೇ ಕೇಳುವುದಿಲ್ಲ. ಅಂಥ ಅಧಿಕೃತ ಅಂಕಿ ಅಲ್ಲಿ ಇರಲು ಸಾಧ್ಯವೇ ಇಲ್ಲ. ಒಂದು ಸ್ಥಾನ ದಶಮಾಂಶ ಸೇರಿಸಿ ಹೇಳಿದರೆ ಸುಳ್ಳೂ ನಿಜದಂತೆ ಕೇಳಿಸುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಕರ್ನಾಟಕದ ಮಾತು

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ನಂಟಿದೆ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಿತು. ಸರ್ಕಾರವೇ ಇಂಥದ್ದನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲು ಎಂದು ಹೇಳಲಾಗುತ್ತದೆ. ಮುಂದೆ ‘ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ’ ಎಂಬ ಮಾತು ಊರೂರಿನ ಗೋಡೆಗಳ ಮೇಲೆ ಬಂತು. 1992-93ರಲ್ಲಿ ರಾಜ್ಯದ ದರ 2.8ರಷ್ಟಿತ್ತು, 2019-21ರಲ್ಲಿ 1.67.

ಈಗ ದಕ್ಷಿಣದ ರಾಜ್ಯಗಳಲ್ಲಿ ಚಿಂತೆ ತಿರುಗಿದೆ. ಮಕ್ಕಳು ಕಡಿಮೆಯಾಗುತ್ತಿದ್ದಾರೆ, ವಯಸ್ಸಾದವರು ಹೆಚ್ಚುತ್ತಿದ್ದಾರೆ, ಲೋಕಸಭೆಯ ಕ್ಷೇತ್ರಗಳು ಕಡಿಮೆಯಾದಾವು ಎಂಬ ಮಾತು ಕೇಳಿಬರುತ್ತಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಆಂಧ್ರಪ್ರದೇಶ 2024ರಲ್ಲಿ ತೆಗೆದುಹಾಕಿತು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ದರ 0.72ಕ್ಕೆ ಕುಸಿಯಿತು. ಅಲ್ಲಿ ಸರ್ಕಾರ ವರ್ಷಗಳಿಂದ ಹಣ ಸುರಿಯುತ್ತಿದ್ದರೂ ಹೆಚ್ಚೇನೂ ಫಲ ಸಿಕ್ಕಿಲ್ಲ. ಮನೆಯ ಬೆಲೆ, ಕೆಲಸದ ಅವಧಿ, ಮಗುವನ್ನು ನೋಡಿಕೊಳ್ಳುವ ಭಾರವೆಲ್ಲ ತಾಯಿಯ ಮೇಲೆ ಬೀಳುವುದು, ಇವು ಬದಲಾಗದೆ ಬರೀ ಕರೆ ಕೊಟ್ಟರೆ ಯಾರೂ ಕೇಳುವುದಿಲ್ಲ.

ಫಾರ್ವರ್ಡ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

- ಇದರಲ್ಲಿ ಹೇಳಿರುವುದು ಜನನ ಪ್ರಮಾಣವೋ, ಫಲವತ್ತತೆ ದರವೋ, ಜನಸಂಖ್ಯೆಯ ಬೆಳವಣಿಗೆಯೋ?
- ಯಾವ ವರ್ಷದ, ಯಾವ ಸಮೀಕ್ಷೆಯ ಅಂಕಿ? ಹಳೆಯ ಅಂಕಿಯನ್ನು ಇಂದಿನದೆಂದು ಹೇಳಿದ್ದಾರೆಯೇ?
- ಒಂದೇ ವರ್ಷದ ಅಂಕಿ ಕೊಟ್ಟಿದ್ದಾರೆಯೋ, ಹತ್ತಿಪ್ಪತ್ತು ವರ್ಷದ ಏರಿಳಿತ ತೋರಿಸಿದ್ದಾರೆಯೋ?
- ಒಂದೇ ರಾಜ್ಯದ, ಒಂದೇ ಮಟ್ಟದ ಓದು ಮತ್ತು ಆದಾಯದ ಜನರನ್ನು ಹೋಲಿಸಿದ್ದಾರೆಯೇ?
- ಓದಿದ ಮೇಲೆ ನಿಮಗೆ ವಿಷಯ ತಿಳಿಯಿತೋ, ಬರೀ ಭಯವೋ ಸಿಟ್ಟೋ ಬಂತೋ?

ಇದು ಬರೀ ಅಂಕಿಯ ಜಗಳವಲ್ಲ. ಇಂಥ ಸಂದೇಶಗಳಿಂದ ಒಂದು ಸಮುದಾಯದ ಪ್ರತಿ ಮಗುವೂ ಅನುಮಾನದ ಕಣ್ಣಿಗೆ ಬೀಳುತ್ತದೆ. ಬಾಡಿಗೆ ಮನೆ, ಅಂಗಡಿ, ಶಾಲೆಯ ಬೆಂಚಿನವರೆಗೂ ಆ ಅನುಮಾನ ಹೋಗುತ್ತದೆ. ಇನ್ನೊಂದು ಕಡೆ ‘ನೀವೂ ನಾಲ್ಕು ಹೆರಿ’ ಎಂಬ ಒತ್ತಾಯ ಬರುತ್ತದೆ. ಎರಡೂ ಕಡೆ ಹೆರುವ ಮಹಿಳೆಯ ಆರೋಗ್ಯ ಏನು, ಅವಳ ಇಷ್ಟ ಏನು ಎಂದು ಯಾರೂ ಕೇಳುವುದಿಲ್ಲ.

ಮಕ್ಕಳ ಸಂಖ್ಯೆಯ ಬಗ್ಗೆ ನಿಜವಾದ ಕಾಳಜಿ ಇದ್ದರೆ, ನಿಮ್ಮ ಊರಿನಲ್ಲಿ ಹತ್ತನೇ ತರಗತಿಯ ನಂತರ ಶಾಲೆ ಬಿಟ್ಟ ಹುಡುಗಿಯರು ಎಷ್ಟು ಮಂದಿ ಎಂದು ವಿಚಾರಿಸಿ. ಹದಿನೆಂಟಕ್ಕೆ ಮೊದಲೇ ಮದುವೆ ನಿಶ್ಚಯವಾದ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕಾಪರ್-ಟಿ, ಮಾತ್ರೆಗಳ ಬಗ್ಗೆ ಅನುಮಾನ ಇದ್ದವರಿಗೆ ಆಶಾ ಕಾರ್ಯಕರ್ತೆಯ ನಂಬರ್ ಕಳಿಸಿ. ಇರಾನಿನಲ್ಲಿ, ಬಾಂಗ್ಲಾದೇಶದಲ್ಲಿ, ಕೇರಳದಲ್ಲಿ ಕೆಲಸ ಮಾಡಿದ್ದು ಇವೇ.